ಸಂಘದ ಬೀರು

ಎಲ್ಲಕ್ಕೂ ಕಾರಣ ಒಂದು ಚೊಂಬು ನೀರು. ಹಲ್ಲಿನ ಡಾಕ್ಟರುಗಳ ಸಂಘದ ವಾರ್ಷಿಕ ಸಭೆಗೆ ಹೊರಟ ನಮ್ಮ ಡಾಕ್ಟರು, ಬಿಸಿಲು ಜೋರಾಗಿದೆ ಎಂದು ಅದನ್ನು ಗಟಗಟನೆ ಕುಡಿದುಬಿಟ್ಟರು.

ಆ ಸಂಘದಲ್ಲಿ ಕಾರ್ಯದರ್ಶಿಯಾಗಲು ಯಾರೂ ಒಲ್ಲರು. ಸಂಬಳವಿಲ್ಲ, ಬೈಗುಳ ಧಾರಾಳ. ಹಾಗಾಗಿ ಒಂದು ಪದ್ಧತಿ ಬೆಳೆದಿತ್ತು: ಆಯ್ಕೆಯ ಹೊತ್ತಿಗೆ ಯಾರು ಸಭೆಯಲ್ಲಿಲ್ಲವೋ ಅವರೇ ಕಾರ್ಯದರ್ಶಿ. ಹೋದ ಸಲ ಫೋನ್ ಬಂತೆಂದು ಬಾಗಿಲಾಚೆ ಹೋದ ತಪ್ಪಿಗೆ ಡಾಕ್ಟರ ತಲೆಗೆ ಮೂರು ವರ್ಷದ ಪಟ್ಟ ಕಟ್ಟಿದ್ದರು. ಜೊತೆಗೆ ಸಂಘದ ಕಬ್ಬಿಣದ ಬೀರುವೂ ಮನೆಗೆ ಬಂದು, ಮಲಗುವ ಕೋಣೆಯ ಕಿಟಕಿಗೆ ಅಡ್ಡ ನಿಂತು ಗಾಳಿ ಬೆಳಕು ಎರಡನ್ನೂ ನುಂಗಿತ್ತು. ಅವಧಿ ಮುಗಿದು ಅದು ತೊಲಗಿದ್ದು ಹೋದ ವಾರ.

ಹೆಂಡತಿಯೂ ಹಲ್ಲಿನ ಡಾಕ್ಟರೇ. ಅದೇ ಕ್ಲಿನಿಕ್ಕು, ಅದೇ ಸಂಘ.

"ಆ ಬೀರು ಮತ್ತೆ ಈ ಮನೆಗೆ ಬಂದ್ರೆ ನಾನು ತಂಗಿ ಮನೆಗೆ ಹೋಗ್ತೀನಿ. ತಮಾಷೆ ಅಲ್ಲ," ಎಂದಿದ್ದರು ಆಕೆ. "ನೀವು ಮುಂದೆ ಹೋಗಿರಿ. ಈ ಪೇಷಂಟ್ ಹಲ್ಲು ಕಿತ್ತು ಬಂದೇಬಿಡ್ತೀನಿ. ಜಾಗ ಹಿಡ್ದಿರಿ."

ಡಾಕ್ಟರು ಪಕ್ಕದ ಕುರ್ಚಿಗೆ ಕರವಸ್ತ್ರ ಹಾಕಿ ಕೂತರು. ಅಧ್ಯಕ್ಷರ ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಚೊಂಬಿನ ನೀರು ತಾನೂ ಹಾಜರಿದ್ದೇನೆ ಎನ್ನತೊಡಗಿತು. ಡಾಕ್ಟರು ಕಾಲಮೇಲೆ ಕಾಲು ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಯಾಕ್ರೀ ನುಲೀತಾ ಇದೀರಾ?" ಎಂದರು ಹಿಂದೆ ಕೂತಿದ್ದ ತಂತಿ ಡಾಕ್ಟರು. ಮಕ್ಕಳ ಹಲ್ಲಿಗೆ ತಂತಿ ಕಟ್ಟೀ ಕಟ್ಟೀ ಅವರಿಗೆ ಆ ಹೆಸರು.

"ಏನಿಲ್ಲ."

"ಹೋಗ್ಬನ್ನಿ, ನಾನು ನೋಡ್ಕೋತೀನಿ."

ಹೋದ ಸಲವೂ ಇದೇ ಮನುಷ್ಯ ಇದೇ ಮಾತು ಹೇಳಿದ್ದರು. ಡಾಕ್ಟರು ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡರು.

ಟೀ ಬಂತು. ತಂತಿ ಡಾಕ್ಟರು ಬೇಕೆಂದೇ ಫ್ಲಾಸ್ಕನ್ನು ಎತ್ತರಕ್ಕೆ ಹಿಡಿದು ಸೊರ್ರನೆ ಸುರಿದುಕೊಟ್ಟರು. ಆ ಸದ್ದು ಕೇಳಲಾರದೆ ಡಾಕ್ಟರು ಲೋಟ ಕಸಿದುಕೊಂಡು ಆ ಟೀಯನ್ನೂ ಕುಡಿದು ಮುಗಿಸಿದರು.

ಕೊನೆಗೆ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಾ, "ಇನ್ನು ಕಾರ್ಯದರ್ಶಿ ವಿಷಯ. ನಿಧಾನಕ್ಕೆ ಚರ್ಚೆ ಮಾಡೋಣ," ಎಂದರು.

ನಿಧಾನ ಎಂದದ್ದೇ ಡಾಕ್ಟರ ಜೀವ ಬಾಯಿಗೆ ಬಂತು. ಎದ್ದು ನಿಂತೇಬಿಟ್ಟರು.

"ಚರ್ಚೆ ಯಾಕೆ ಸ್ವಾಮಿ? ಪದ್ಧತಿ ಇದೆಯಲ್ಲ. ಈಗ ಇಲ್ಲಿ ಯಾರಿಲ್ವೋ ಅವರೇ ಆಗ್ಲಿ. ನಾನೇ ಸೂಚಿಸ್ತೀನಿ."

"ನಾನು ಅನುಮೋದಿಸ್ತೀನಿ," ಎಂದರು ತಂತಿ ಡಾಕ್ಟರು ಥಟ್ಟನೆ.

ಎಲ್ಲರ ಕೈಯೂ ಮೇಲೆದ್ದಿತು. ಡಾಕ್ಟರು ಎತ್ತಿದ ಕೈಯಲ್ಲೇ ಬಾಗಿಲಾಚೆ ಓಡಿದರು.

ಹಗುರಾಗಿ ವಾಪಸು ಬಂದರೆ ಅಧ್ಯಕ್ಷರು ಅಪ್ಪಿಕೊಂಡರು. "ದೊಡ್ಡ ಮನಸ್ಸು ನಿಮ್ದು. ಮನೆಯವರನ್ನೇ ಸೂಚಿಸೋಕೆ ಎಲ್ರಿಗೂ ಧೈರ್ಯ ಬರಲ್ಲ. ಬೀರು ಗಾಡಿಗೆ ಹಾಕ್ಸಿದೀವಿ."

ಡಾಕ್ಟರು ಪಕ್ಕದ ಕುರ್ಚಿ ನೋಡಿದರು. ಕರವಸ್ತ್ರ ಹಾಕಿದ ಹಾಗೇ ಇತ್ತು. ಇಡೀ ಸಭೆಯಲ್ಲಿ ಖಾಲಿ ಇದ್ದದ್ದು ಅದೊಂದೇ ಕುರ್ಚಿ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಆ ಪೇಷಂಟಿನ ಹಲ್ಲು ಅರ್ಧಕ್ಕೆ ಮುರಿದು ಸತಾಯಿಸಿತ್ತಂತೆ. ಗಾಡಿಯಿಂದ ಬೀರು ಇಳಿಯಿತು. ಅಧ್ಯಕ್ಷರು ಆಗಲೇ ಫೋನ್ ಮಾಡಿ ಆಕೆಯನ್ನು ಅಭಿನಂದಿಸಿಯೂ ಆಗಿತ್ತು.

"ಅಲ್ಲ ಕಣೇ, ನಾನೇನ್ ಮಾಡ್ಲಿ, ತಡೆಯೋಕೇ ಆಗ್ಲಿಲ್ಲ," ಎನ್ನುತ್ತಿರುವಾಗಲೇ ಕುಡಿದ ಟೀ ತನ್ನ ಸರದಿ ಕೇಳಿತು. ಡಾಕ್ಟರು ಬಚ್ಚಲಿಗೆ ನುಗ್ಗಿ ಅಗಳಿ ಹಾಕಿಕೊಂಡರು. ಒಳಗಿದ್ದಂತೆಯೇ ಮಲಗುವ ಕೋಣೆಯತ್ತ ಬೀರು ಕರಕರ ಎಳೆಯುವ ಸದ್ದು ಕೇಳಿಸಿತು. ಆಮೇಲೆ ಬಾಗಿಲಿಗೆ ಒಂದು ಪೆಟ್ಟು.

"ಕೇಳಿಸ್ತಾ ಇದೆಯಾ? ನಾನು ತಂಗಿ ಮನೆಗೆ ಹೊರಟೆ. ಕಾರ್ಯದರ್ಶಿ ಅಂತ ಹೆಸರಷ್ಟೇ ನಂದು. ಕೆಲಸಕ್ಕೆಲ್ಲ ಒಬ್ಬ ಸಹಕಾರ್ಯದರ್ಶಿ ಬೇಕಿತ್ತು. ಈಗ ಹಾಲ್‌ನಲ್ಲಿ ಸಭೆ ಮಾಡಿ ಆರಿಸ್ಬಿಟ್ಟೆ."

"ಯಾರನ್ನೇ?" ಎಂದರು ಡಾಕ್ಟರು ಒಳಗಿನಿಂದ.

"ಸಭೇಲಿ ಇಲ್ದೋರನ್ನ."