ನಿಲ್ಲದ ಜೋಗುಳ

ಗುಬ್ಬಿಯ ಅಮ್ಮನಿಗೆ ಆಫೀಸಿನಲ್ಲಿ ಬೇರೆಯೇ ಹೆಸರಿತ್ತು: ‘ಹತ್ತು ಸಲದ ಮೇಡಂ’. ಕಂಪ್ಯೂಟರಿಗೆ ಯಾರೇ ಪ್ರೋಗ್ರಾಂ ಬರೆಯಲಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಅದರಲ್ಲಿ ಕಂಡರೆ ಸಾಕು, ಹುಬ್ಬು ಗಂಟಿಕ್ಕುವಳು. “ಇದು ಎಲ್ಲಿ ನಿಲ್ಲುತ್ತೆ? ಹತ್ತು ಸಲ ಮಾಡಿದ್ರೂ ಕೆಲಸ ಆಗ್ಲಿಲ್ಲ ಅಂದ್ರೆ ಬಿಟ್ಟು ಹೊರಗೆ ಬಾ ಅಂತ ಬರೀರಿ. ಇಲ್ದಿದ್ರೆ ಗಾಣದೆತ್ತಿನ ಹಾಗೆ ಸುತ್ತುತ್ತಾ ಇರುತ್ತೆ!” (ಗಾಣವನ್ನೇ ಕಾಣದ ಹುಡುಗರೂ ಹೆದರಿ ಬರೆಯುತ್ತಿದ್ದರು.)

ಅಂಥವಳು ಏಳು ತಿಂಗಳ ಗುಬ್ಬಿಗಾಗಿ ತಾನೇ ಒಂದು ಪ್ರೋಗ್ರಾಂ ಬರೆಯಬೇಕಾಗಿ ಬಂತು. ಹೆರಿಗೆ ರಜೆ ಮುಗಿದಿತ್ತು. ಮಗುವಿಗೆ ವರ್ಷ ತುಂಬುವವರೆಗೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಅರ್ಜಿ ಹಾಕಿದ್ದಳು. ಮ್ಯಾನೇಜರಮ್ಮ, “ಗುರುವಾರ ಹನ್ನೊಂದರ ಮೀಟಿಂಗನ್ನ ಮನೆಯಿಂದ ನಡೆಸಿ ತೋರಿಸಿ, ಆಮೇಲೆ ಹೇಳ್ತೀನಿ” ಎಂದಿದ್ದರು. ಗುಬ್ಬಿಯ ನಿದ್ರಾಮುಹೂರ್ತವೂ ಸರಿಯಾಗಿ ಹನ್ನೊಂದೇ. ಅಮ್ಮನ ಹಾಡಿಲ್ಲದೆ ಮಹಾರಾಣಿಯವರು ರೆಪ್ಪೆ ಮುಚ್ಚುವವರಲ್ಲ.

ಹಾಗಾಗಿ ಅವಳು ತನ್ನ ಜೋಗುಳವನ್ನು ಹಳೆಯ ಫೋನಿಗೆ ತುಂಬಿದಳು. ಒಮ್ಮೆ ಹಾಡಿ ಮುಗಿಸಿದ ಮೇಲೆ ಫೋನು ಕಿವಿಗೊಟ್ಟು ಕೇಳಬೇಕು. ಕೋಣೆಯಲ್ಲಿ ಸದ್ದಿದ್ದರೆ ಮತ್ತೆ ಹಾಡಬೇಕು, ಇಲ್ಲದಿದ್ದರೆ ನಿಲ್ಲಬೇಕು. ಹತ್ತು ಸಲದ ಮಿತಿಯನ್ನೂ ಬರೆದಳು, ಬರೆದವಳೇ ಅಳಿಸಿಬಿಟ್ಟಳು. ಹನ್ನೊಂದನೆಯ ಸಲವೂ ಮಗು ಅಳುತ್ತಿದ್ದರೆ? ತಾಯಿಯ ಹಾಡಿಗೂ ಒಂದು ಮಿತಿಯೇ?

ತೊಟ್ಟಿಲು ತೂಗಲು ಗುಬ್ಬಿಯ ಅಪ್ಪ ಅರ್ಧ ದಿನ ರಜೆ ಹಾಕಿದ. ಅವನ ಕೆಲಸ ಔಷಧಿ ಅಂಗಡಿಯಲ್ಲಿ. ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎಂಬುದು ಎಂಟು ವರ್ಷದ ವ್ರತ.

“ಬಾಯಲ್ಲಿ ಹೇಳಿದ್ರೆ ಮರೀತೀನಿ, ಬರ್ಕೊಡು” ಎಂದ.

ಬರೆದುಕೊಟ್ಟಳು: ‘ಮಗುವನ್ನು ಮಲಗಿಸಿ ಸೊಳ್ಳೆಪರದೆ ಎಳೆಯುವುದು. ಹಾಡು ನಿಲ್ಲುವವರೆಗೂ ತೂಗುವುದು. ಇಣುಕಬಾರದು.’

“ಊಟಕ್ಕೆ ಮುಂಚೆಯೋ, ಆಮೇಲೋ?”

“ಮಾತ್ರೆ ಅಲ್ಲರೀ ಅದು!”

ಅತ್ತೆ ನಕ್ಕರು. “ಎತ್ಕೊಂಡು ನಾಲ್ಕು ಹೆಜ್ಜೆ ಹಾಕಿದ್ರೆ ಮಲಗೋ ಕೂಸು. ಅದಕ್ಕೊಂದು ಫೋನು, ಒಂದು ಚೀಟಿ, ಒಬ್ಬ ಗಂಡಸು!”

“ನಿಮಗೆ ಮೊಣಕಾಲು ನೋವಲ್ವಾ ಅತ್ತೆ?”

“ನೋಯೋದು ನಂದು ತಾನೇ? ಆಗ್ಲಿ, ನೋಡೋಣ ನಿನ್ನ ಯಂತ್ರದ ಜೋಗುಳ.”

ಹನ್ನೊಂದಕ್ಕೆ ಪಕ್ಕದ ಕೋಣೆಯಲ್ಲಿ ಮೀಟಿಂಗ್ ಶುರುವಾಯಿತು. ಐದೇ ನಿಮಿಷಕ್ಕೆ ಅಳು ನಿಂತಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಗಂಟಲು ಸರಿಮಾಡಿಕೊಂಡು ಲೂಪುಗಳ ಮೇಲೆ ಉಪನ್ಯಾಸ ಶುರುಮಾಡಿದಳು. ಆದರೆ ಗೋಡೆಯಾಚೆ ಅವಳದೇ ದನಿ ಹಾಡಿತು. ಮುಗಿಯಿತು. ಮತ್ತೆ ಹಾಡಿತು. ಅರ್ಧ ಗಂಟೆ ಕಳೆದರೂ ಹಾಡುತ್ತಲೇ ಇತ್ತು.

“ಎಂಥ ಲೂಪಿಗೂ ಒಂದು ಕೊನೆ ಇರ್ಲೇಬೇಕು” ಎಂದು ಅವಳು ಮೇಜು ಕುಟ್ಟುವಾಗಲೇ ತಂಡದ ಹುಡುಗನೊಬ್ಬ ಮೆಲ್ಲಗೆ, “ಮೇಡಂ, ಈ ಹಾಡು ಹದಿನೈದನೇ ಸಲ” ಎಂದ.

“ಹದಿನಾರು” ಎಂದು ತಿದ್ದಿದರು ಮ್ಯಾನೇಜರಮ್ಮ.

ಕೆಲಸವೂ ಹೋಯಿತು, ಮಾನವೂ ಹೋಯಿತು ಅಂದುಕೊಂಡು ಅವಳು ಎದ್ದು ಓಡಿದಳು. (ಮೈಕು ಆರಿಸುವುದನ್ನು ಮರೆತು.)

ತೊಟ್ಟಿಲ ಬಳಿ ಗಂಡ ಬೆವರಿ ನೀರಾಗಿದ್ದ. ಎಡಗೈ ಸೋತು ಬಲಗೈಗೆ, ಬಲಗೈ ಸೋತು ಕಾಲಿಗೆ ಬಂದಿದ್ದ. ಪರದೆಯೊಳಗೆ ಗುಬ್ಬಿ ಮುಷ್ಟಿಯನ್ನು ಕೆನ್ನೆಗೊತ್ತಿಕೊಂಡು ಗಾಢ ನಿದ್ದೆಯಲ್ಲಿದ್ದಳು.

“ರೀ, ಮಗು ಮಲಗಿದೆಯಲ್ರೀ!”

“ಮಲಗಿರಬಹುದು. ಹಾಡು ನಿಂತಿಲ್ವಲ್ಲ.”

“ಮಲಗಿದ್ರೂ ಯಾಕೆ ತೂಗ್ತಿದೀರಿ?”

“ಚೀಟಿಯಲ್ಲಿ ಹಾಗೇ ಇದೆ.”

ಅಷ್ಟರಲ್ಲಿ ಹಾಡು ಮುಗಿಯಿತು. ಫೋನು ಕಿವಿಗೊಟ್ಟಿತು. ತೊಟ್ಟಿಲಿನ ಕೊಂಡಿ ‘ಕಿರ್ರ್’ ಎಂದಿತು. ಸದ್ದು! ಹಾಡು ಮತ್ತೆ ಶುರು. ಅವಳು ಹಣೆ ಚಚ್ಚಿಕೊಂಡಳು. ತೂಗುವ ಸದ್ದು ನಿಲ್ಲದೆ ಹಾಡು ನಿಲ್ಲದು, ಹಾಡು ನಿಲ್ಲದೆ ಗಂಡ ನಿಲ್ಲ. ಬಿಟ್ಟಿದ್ದರೆ ಗುಬ್ಬಿಯ ಮದುವೆಯವರೆಗೂ ನಡೆಯುತ್ತಿತ್ತು.

ಅತ್ತೆ ಕುಂಟುತ್ತಾ ಬಂದರು. ಮಗನ ಕಾಲನ್ನು ಪಕ್ಕಕ್ಕೆ ತಳ್ಳಿ ತೊಟ್ಟಿಲನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿದರು. ಹಾಡು ಮುಗಿಯಿತು. ಫೋನು ಕಿವಿಗೊಟ್ಟಿತು. ಮೂವರೂ ಉಸಿರು ಬಿಗಿಹಿಡಿದರು. ಫೋನು ಸುಮ್ಮನಾಯಿತು. ಗುಬ್ಬಿ ಒಮ್ಮೆ ತುಟಿ ಚಪ್ಪರಿಸಿ ಮಗ್ಗುಲಾದಳು, ಅಷ್ಟೇ.

“ಮಗು ಮಲಗಿದ್ರೆ ಬಿಟ್ಬಿಡಿ ಅಂತ ಒಂದು ಸಾಲು ಬರೆಯೋಕೆ ಏನಾಗಿತ್ತೇ?” ಎಂದರು ಅತ್ತೆ.

ಪಕ್ಕದ ಕೋಣೆಯ ಕಂಪ್ಯೂಟರಿನಿಂದ ನಗೆಯ ಹೊಳೆಯೇ ಹರಿದು ಬಂತು. ಅವಳು ತಲೆ ತಗ್ಗಿಸಿಕೊಂಡು ಹೋಗಿ ಕುಳಿತಳು.

ಮ್ಯಾನೇಜರಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. “ಎಲ್ಲಾ ಕೇಳಿಸ್ತಮ್ಮ. ಶುರುವಿನ ಐದು ನಿಮಿಷ ಬಿಟ್ರೆ ಮಗುವಿಂದ ಒಂದು ಚೂರೂ ತೊಂದರೆ ಆಗ್ಲಿಲ್ಲ, ಆಗಿದ್ದೆಲ್ಲಾ ದೊಡ್ಡವರಿಂದ. ವರ್ಷ ತುಂಬೋವರೆಗೂ ಮನೆಯಿಂದಲೇ ಮಾಡಿ.”

ಅವಳು ಬೆರಳು ಮಡಚಿ ಎಣಿಸಿದಳು. ಇನ್ನೈದು ತಿಂಗಳು ಗುಬ್ಬಿ ಗೋಡೆಯಾಚೆಯೇ ಇರುತ್ತಾಳೆ.

“ಒಂದೇ ಷರತ್ತು. ನೀವು ಬರೆದದ್ದನ್ನ ಇನ್ನು ಮೇಲೆ ಮೊದಲು ನಿಮ್ಮ ಅತ್ತೆಗೆ ತೋರಿಸಿ, ಆಮೇಲೆ ಕಳಿಸಿ.”

ತಮಾಷೆಯೆಂದುಕೊಂಡು ಅವಳೂ ನಕ್ಕಳು. ತಿರುಗಿ ನೋಡಿದರೆ ಅತ್ತೆ ಆಗಲೇ ಕುರ್ಚಿ ಎಳೆದುಕೊಂಡು, ಸೆರಗಿನಲ್ಲಿ ಕನ್ನಡಕ ಒರೆಸುತ್ತಿದ್ದರು.

“ಹೂಂ, ಓದು. ನಿಧಾನಕ್ಕೆ ಓದು, ತಪ್ಪು ನಾನು ಹುಡುಕ್ತೀನಿ.”