ಮೂರು ಸಲ ಕೇಳಬೇಕಿತ್ತು

ಮ್ಯಾಲಕಿ ಟಿಯರ್ನಿ ಬೆಳೆದ ಕ್ಯಾರೆಟ್ಟಿಗೆ ಈ ಜನ್ಮದಲ್ಲಿ ಬಾಯಿ ಹಾಕುವುದಿಲ್ಲ ಎಂದು ಫೆಲಿಮ್ ಕುಲಿನನ್ ಶಪಥ ಮಾಡಿದ್ದು ಒಂದು ಶನಿವಾರ. ಅದೇ ಕ್ಯಾರೆಟ್ಟನ್ನು ದುಡ್ಡು ಕೊಟ್ಟು ತಿನ್ನಲು ಹೊರಟಿದ್ದು ಮುಂದಿನ ಗುರುವಾರ. ನಡುವಿನ ದಿನಗಳಲ್ಲಿ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಕ್ಲೇರ್ ಜಿಲ್ಲೆಯ ಆ ಪುಟ್ಟ ಪೇಟೆಯ ಶನಿವಾರದ ಸಂತೆಯಲ್ಲಿ ಫೆಲಿಮ್ ಆಲೂಗಡ್ಡೆ ಮಾರುತ್ತಾನೆ, ಪಕ್ಕದ ಮೇಜಿನಲ್ಲಿ ಮ್ಯಾಲಕಿ ಕ್ಯಾರೆಟ್ ಮಾರುತ್ತಾನೆ. ಹದಿನೆಂಟು ವರ್ಷ ಇಬ್ಬರೂ ಒಂದೇ ಮಳೆಯಲ್ಲಿ ನೆನೆದು, ಒಂದೇ ಫ್ಲಾಸ್ಕಿನ ಚಹಾ ಕುಡಿದು, ಒಬ್ಬರ ವ್ಯಾಪಾರವನ್ನು ಇನ್ನೊಬ್ಬರು ಓರೆಗಣ್ಣಿನಲ್ಲಿ ಅಳೆಯುತ್ತ ಸುಖವಾಗಿದ್ದರು. ಆಮೇಲೆ ಡೆನ್ಮಾರ್ಕಿನಿಂದ ಸಿಗ್ರಿಡ್ ಎಂಬ ಅಡುಗೆಯವಳು ಬಂದು, ಮುಚ್ಚಿದ್ದ ಕಮ್ಮಾರಸಾಲೆಯನ್ನು ಹಿಡಿದು, ‘ಕುಲುಮೆ’ ಎಂಬ ಹೋಟೆಲು ತೆರೆದಳು. ಅಲ್ಲಿ ಒಬ್ಬರಿಗೊಂದು ತಟ್ಟೆ ಎಂಬುದಿಲ್ಲ. ಆಯಾ ಕಾಲಕ್ಕೆ ಸುತ್ತಮುತ್ತ ಬೆಳೆದದ್ದು ಪುಟ್ಟ ಪುಟ್ಟ ತಟ್ಟೆಗಳಲ್ಲಿ ಮೇಜಿನ ನಡುವೆ ಬರುತ್ತದೆ, ಕೂತವರು ಹಂಚಿಕೊಂಡು ತಿನ್ನಬೇಕು. ಏನೇನಿದೆ ಎಂಬುದನ್ನು ಬಾಗಿಲ ಹೊರಗಿನ ಕರಿಹಲಗೆಯ ಮೇಲೆ, ಬೆಳೆದವರ ಹೆಸರಿನ ಸಮೇತ, ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ.

‘ಮ್ಯಾಲಕಿ ಟಿಯರ್ನಿಯ ಕ್ಯಾರೆಟ್, ಕಡಲಪಾಚಿಯ ಬೆಣ್ಣೆಯಲ್ಲಿ.’

ಅಂದಿನಿಂದ ಮ್ಯಾಲಕಿ ನಡೆಯುವ ರೀತಿಯೇ ಬದಲಾಯಿತು. ಡಬ್ಲಿನ್ನಿನಿಂದ ಬಂದವರು ಸಂತೆಯಲ್ಲಿ, “ಆ ಮ್ಯಾಲಕಿ ಅಂದ್ರೆ ನೀವೇನಾ?” ಎಂದು ಕೇಳಿ ಕೈಕುಲುಕತೊಡಗಿದರು. ಕುಲುಕುವಾಗ ಅವರ ಬೆನ್ನು ಫೆಲಿಮನ ಆಲೂಗಡ್ಡೆಯ ಕಡೆಗೆ ಇರುತ್ತಿತ್ತು.

“ಹೋಗ್ತೀನಿ, ತಿಂತೀನಿ, ಆ ಕ್ಯಾರೆಟ್ಟಲ್ಲಿ ಏನು ಕೊರತೆ ಅಂತ ಆ ಅಡುಗೆಯವಳ ಮುಖಕ್ಕೇ ಹೇಳ್ತೀನಿ,” ಎಂದ ಫೆಲಿಮ್. “ನನ್ನ ಹೆಸರು ಆ ಹಲಗೆ ಮೇಲೆ ಬರೆಸ್ಕೊಂಡೇ ವಾಪಸ್ ಬರೋದು.”

“ಬೈದು ವ್ಯಾಪಾರ ಗಿಟ್ಟಿಸಿದೋರನ್ನ ನಾನಂತೂ ನೋಡಿಲ್ಲ,” ಎಂದಳು ಹೆಂಡತಿ ನೋರೀನ್. “ಆದ್ರೂ ಹೋಗೋಣ ನಡಿ. ನೀನು ನನ್ನ ಹೊರಗೆ ಊಟಕ್ಕೆ ಕರ್ಕೊಂಡು ಹೋಗಿ ನಾಲ್ಕು ವರ್ಷ ಆಯ್ತು.”

ಗುರುವಾರ ಸಂಜೆ ಕೂತರು. ಬಡಿಸುವ ಓರ್ಲಾ ಊರಿನವಳೇ, ಫೆಲಿಮನ ಸೋದರತ್ತೆಯ ಮೊಮ್ಮಗಳು.

“ಇನ್ನೊಂದು ಬ್ರೆಡ್ ತರಲಾ?”

“ಬೇಡಮ್ಮ, ಬೇಡ.”

“ತಗೊಳ್ಳಿ, ಈಗಷ್ಟೇ ಆಗಿದೆ.”

“ಸುಮ್ನೆ ನಿನಗ್ಯಾಕೆ ತೊಂದರೆ.”

“ಒಂದು ಚೂರು?”

“ಚೂರಾದ್ರೆ ಆಗಲಿ.”

ಓರ್ಲಾ ಇಡೀ ಬ್ರೆಡ್ಡನ್ನೇ ತಂದಿಟ್ಟಳು. ಆ ಸೀಮೆಯಲ್ಲಿ ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಎರಡು ಸಲ ಬೇಡವೆಂದು, ಮೂರನೆಯದಕ್ಕೆ ಬೇರೆಯವರ ಒತ್ತಾಯಕ್ಕೆಂಬಂತೆ ಒಪ್ಪಿಕೊಂಡವನು ಮರ್ಯಾದಸ್ಥ. ಕೇಳುವವರಿಗೂ ಅದು ಗೊತ್ತು, ಹಾಗಾಗಿ ಯಾರೂ ಹಸಿದು ಏಳುವುದಿಲ್ಲ.

ಕ್ಯಾರೆಟ್ ಬಂತು. ತಟ್ಟೆಯಲ್ಲಿ ಐದು. ಫೆಲಿಮ್ ಒಂದನ್ನು ಎತ್ತಿ, ನ್ಯಾಯಾಧೀಶನ ಮುಖ ಮಾಡಿಕೊಂಡು ಕಚ್ಚಿದ. ಕೊರತೆ ಹುಡುಕಿದ, ಸಿಗಲಿಲ್ಲ. ಎರಡನೆಯದರಲ್ಲೂ ಹುಡುಕಿದ. ಹೊರಗೆ ಸುಟ್ಟ ಘಮ, ಒಳಗೆ ಜೇನು.

“ಹೇಗಿದೆ?” ಎಂದಳು ನೋರೀನ್.

“ಅಷ್ಟು ಬೆಣ್ಣೆ ಹಾಕಿದ್ರೆ ನನ್ನ ಬೂಟೂ ರುಚಿಯಾಗಿರುತ್ತೆ,” ಎನ್ನುತ್ತ ಫೆಲಿಮ್ ಮೂರನೆಯದಕ್ಕೆ ಕೈ ಹಾಕಿದ.

ಅಷ್ಟರಲ್ಲಿ ಸಿಗ್ರಿಡ್ಡಳೇ ಒಲೆ ಬಿಟ್ಟು ಬಂದಳು. ಬಾಗಿಲೆತ್ತರದ ಹೆಂಗಸು, ನೇರ ನೋಟ.

“ಆಲೂಗಡ್ಡೆಯ ಫೆಲಿಮ್ ನೀವೇ ಅಂತ ಓರ್ಲಾ ಹೇಳಿದಳು. ಹೋದ ವಾರ ನಿಮ್ಮ ಆಲೂಗಡ್ಡೆ ತರಿಸಿ ಬೇಯಿಸಿ ನೋಡಿದೆ. ಈ ದೇಶದಲ್ಲಿ ಅಂಥದ್ದು ನಾನು ತಿಂದಿಲ್ಲ. ನಮ್ಮ ಹೋಟೆಲಿಗೆ ಕೊಡ್ತೀರಾ?”

ಫೆಲಿಮನ ಎದೆಯಲ್ಲಿ ಬ್ಯಾಂಡು ಬಾರಿಸಿತು. ಮ್ಯಾಲಕಿಯ ಮುಖ ಕಣ್ಣೆದುರು ಬಂದು, ಬಾಡಿ, ಉದುರಿಹೋಯಿತು. ನಾಲಿಗೆ ಮಾತ್ರ ಐವತ್ತೆಂಟು ವರ್ಷ ಕಲಿತ ಪಾಠವನ್ನು ಒಪ್ಪಿಸಿತು.

“ನಮ್ಮ ಆಲೂಗಡ್ಡೆ ಏನು ಮಹಾ ಬಿಡಿ. ಹಂದಿಗೆ ಹಾಕೋಕೆ ಸರಿ. ನಿಮ್ಮಂಥ ಜಾಗಕ್ಕೆ ಅದೆಲ್ಲ ಆಗಲ್ಲ.”

“ಓ,” ಎಂದಳು ಸಿಗ್ರಿಡ್. “ಸರಿ. ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್.” ಕೈಕುಲುಕಿ, ಒಲೆಯ ಕಡೆ ನಡೆದಳು.

ಫೆಲಿಮ್ ನಗುಮುಖವನ್ನು ಹಾಗೇ ಹಿಡಿದು ಕೂತ.

“ಹೋದ್ಲು,” ಎಂದಳು ನೋರೀನ್.

“ಬರ್ತಾಳೆ. ಇನ್ನೂ ಎರಡು ಸಲ ಇದೆ.”

ಸುಮ್ಮನೆ ಕೂತು ಕಾಯುವಂತಿಲ್ಲ, ಏನಾದರೂ ತಿನ್ನುತ್ತಲೇ ಕಾಯಬೇಕು. ಏಡಿ ತರಿಸಿದ. ಕುರಿಹಾಲಿನ ಚೀಸ್ ತರಿಸಿದ. ಬಂಗುಡೆ ಮೀನು ತರಿಸಿದ. ಅಡುಗೆಮನೆಯ ಕಡೆಯಿಂದ ಯಾರು ಬಂದರೂ ಕಾಲರ್ ಸರಿಮಾಡಿಕೊಂಡ. ಎರಡು ಸಲ ಜೋರಾಗಿ ಕೆಮ್ಮಿದ. ಸಿಗ್ರಿಡ್ ಎರಡನೆಯ ಕೆಮ್ಮಿಗೆ ಒಂದು ಲೋಟ ನೀರು ಕಳಿಸಿದಳು.

ಕೊನೆಗೆ ತಾಳಲಾರದೆ ಓರ್ಲಾಳನ್ನು ಹತ್ತಿರ ಕರೆದ. “ಮ್ಯಾಲಕೀನ ಅವಳು ಎಷ್ಟು ಸಲ ಕೇಳಿದ್ಲು?”

“ಒಂದೇ ಸಲ. ಅದೂ ಪೂರ್ತಿ ಕೇಳೋಕೆ ಬಿಡಲಿಲ್ಲ ಮಾವ, ‘ಆಯ್ತು, ಯಾವಾಗ ತರಲಿ’ ಅಂದ್ಬಿಟ್ಟ. ಅವನ ಹೆಂಡತಿ ಹಾಲೆಂಡಿನವಳಲ್ವಾ, ಅವಳೂ ಒಂದೇ ಸಲ ಕೇಳೋದು, ಮನೇಲಿ ರೂಢಿಯಾಗಿದೆ.”

“ನಾಚಿಕೆಗೆಟ್ಟೋನು,” ಎಂದ ಫೆಲಿಮ್. ತನಗೂ ಅಷ್ಟೇ ನಾಚಿಕೆ ಕಡಿಮೆ ಇದ್ದಿದ್ದರೆ ಎಂಬ ಕೊರಗು ಆ ಮಾತಿನಲ್ಲಿ ಚೆನ್ನಾಗಿಯೇ ಕೇಳಿಸಿತು.

ನೋರೀನ್ ಕೈ ತೊಳೆದು ಬರುತ್ತೇನೆಂದು ಎದ್ದಳು. ಹತ್ತು ನಿಮಿಷ ತೊಳೆದಳು.

ಮರುದಿನ ತಂಗಿಯ ಮನೆಗೆಂದು ಅವಳು ಒಂದು ಮೂಟೆ ಆಲೂಗಡ್ಡೆ ಕೇಳಿದಾಗ, ಫೆಲಿಮನೇ ಎತ್ತಿ ಕಾರಿನೊಳಗೆ ಇಟ್ಟ. ಸಿಗ್ರಿಡ್ ಮನೆಗೇ ಬಂದು ಕೇಳುತ್ತಾಳೆಂದು ಅವನಿಗೆ ಇನ್ನೂ ನಂಬಿಕೆಯಿತ್ತು. ಅದಕ್ಕೇ ಅಂಗಳ ಗುಡಿಸಿದ್ದ.

ಶನಿವಾರ ಸಂತೆ ಮುಗಿಸಿ ಗಂಡಹೆಂಡಿರು ‘ಕುಲುಮೆ’ಯ ಮುಂದೆ ಹಾದುಹೋಗುವಾಗ, ಹಲಗೆಯಲ್ಲಿ ಎಲ್ಲಕ್ಕಿಂತ ಮೇಲೆ, ಮ್ಯಾಲಕಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ನೋರೀನ್ ಕುಲಿನನ್ ಅವರ ಹೊಸ ಆಲೂಗಡ್ಡೆ, ಪುದೀನದೊಂದಿಗೆ.’

ಫೆಲಿಮ್ ಎರಡು ಸಲ ಓದಿದ. “ನೋರೀನ್, ನೀನು ಜೀವಮಾನದಲ್ಲಿ ಒಂದು ಗಡ್ಡೆ ನೆಟ್ಟಿದ್ದೀಯಾ?”

“ಆವತ್ತು ಕೈ ತೊಳೆಯೋ ನೆಪದಲ್ಲಿ ಸಿಗ್ರಿಡ್ ಹತ್ರ ನಿನ್ನ ಹೆಸರು ಹೇಳೋಣ ಅಂತಲೇ ಹೋಗಿದ್ದೆ ಕಣೋ. ‘ನಿಮ್ಮ ಹೆಸರೇ ಬರೀಲಾ’ ಅಂದ್ಲು. ಒಂದೇ ಸಲ ಕೇಳೋಳು ಅಂತ ಗೊತ್ತಿತ್ತಲ್ಲ, ಹೂಂ ಅಂದ್ಬಿಟ್ಟೆ.”

ಫೆಲಿಮ್ ಬಾಯಿ ತೆರೆಯುವಷ್ಟರಲ್ಲಿ ಮ್ಯಾಲಕಿ ಬಂದ. ನೋರೀನಳಿಗೆ ಟೋಪಿ ತೆಗೆದು ವಂದಿಸಿ, ತನ್ನ ಫೋನನ್ನು ಫೆಲಿಮನ ಕೈಗಿಟ್ಟ. “ಹಲಗೆ ಪಕ್ಕ ನಿಲ್ತೀವಿ. ಬೆಳೆಗಾರರದ್ದು ಒಂದು ಫೋಟೋ ತೆಗಿ ಮಾರಾಯ.”

“ಒಳಗಿಂದ ಓರ್ಲಾನ ಕರೆದ್ರೆ ಅವಳು ತೆಗೀತಾಳೆ, ನೀನೂ ಬಾ ಫೆಲಿಮ್,” ಎಂದಳು ನೋರೀನ್.

“ಛೆ, ನಾನ್ಯಾಕೆ ಬಿಡಿ,” ಎಂದ ಫೆಲಿಮ್.

“ಸರಿ,” ಎಂದರು ಇಬ್ಬರೂ ಒಟ್ಟಿಗೆ, ಹಲಗೆಯ ಎರಡೂ ಬದಿಗೆ ನಿಂತು ನಕ್ಕರು.