ಮೋಕ್ಷಕ್ಕೆ ಒಂದು ವರ್ಷ ರಜೆ

ಜನ ಸಾಯಲೆಂದು ಕಾಶಿಗೆ ಬರುತ್ತಾರೆ. ನಮ್ಮ ಸಣ್ಣವ್ವನೂ ಹಾಗೆಯೇ ಬಂದಳು. ಒಂದೂವರೆ ವರ್ಷ ಕಾದಳು. ಸಾವು ಬರಲಿಲ್ಲ, ಬೇಜಾರು ಬಂತು. ಎದ್ದು ಓದಲು ಯುರೋಪಿಗೆ ಹೊರಟುಹೋದಳು! ನಂಬುವುದಿಲ್ಲ ಅಲ್ಲವೇ? ನಾನೂ ನಂಬುತ್ತಿರಲಿಲ್ಲ. ಏರ್‌ಪೋರ್ಟಿಗೆ ಆಟೋ ಗೊತ್ತು ಮಾಡಿದವನು ನಾನೇ ಆದ್ದರಿಂದ ಬೇರೆ ದಾರಿಯಿಲ್ಲ.

ಸಣ್ಣವ್ವ ಎಂದರೆ ನನ್ನ ತಾಯಿಯ ತಂಗಿ. ವಯಸ್ಸು ಅರವತ್ತೆರಡು. ಗದಗಿನ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ, ಉಳಿದ ಆಯುಷ್ಯವನ್ನು ವಿಶ್ವನಾಥನ ಹತ್ತಿರವೇ ಮುಗಿಸುತ್ತೇನೆಂದು ಎರಡು ಟ್ರಂಕು, ಒಂದು ರೊಟ್ಟಿ ಹಂಚು ಸಮೇತ ಜಂಗಮವಾಡಿಯ ನಮ್ಮ ಮನೆಗೆ ಬಂದಿಳಿದಳು. ನಾನು ಈ ಗಲ್ಲಿಯಲ್ಲೇ ಹುಟ್ಟಿದವನು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಘಾಟು, ಗುಡಿ ತೋರಿಸುವುದು ನನ್ನ ಕಸುಬು. ಊರವರನ್ನೆಲ್ಲ ತಿರುಗಿಸುವ ನಾನು ಮಾತ್ರ ಎಲ್ಲಿಗೂ ಹೋದವನಲ್ಲ. ಮುಂದೆ ನನ್ನ ಹೊಟ್ಟೆಕಿಚ್ಚನ್ನು ಅಳೆಯುವಾಗ ದಯವಿಟ್ಟು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಗಲ್ಲಿಯಲ್ಲಿ ಹೀಗೆ ಕೊನೆಗಾಲಕ್ಕೆಂದು ಬಂದ ಅಜ್ಜಿಯರು ಹತ್ತು ಹನ್ನೆರಡು ಮಂದಿ ಇದ್ದಾರೆ. ಬೆಳಗ್ಗೆ ಗಂಗೆ, ಮಧ್ಯಾಹ್ನ ಪ್ರಸಾದ, ಸಂಜೆ ಜಪ. ಒಂದು ದಿನ ಸಣ್ಣವ್ವ ಜಪದ ನಡುವೆಯೇ, "ಅಲ್ರೆವ್ವಾ, ಸಾವು ಬಂದಾಗ ಬರಲಿ. ಬರೂತನಕ ಏನ್ ಮಾಡೂದು?" ಎಂದು ಕೇಳಿಬಿಟ್ಟಳು. ಆ ಪ್ರಶ್ನೆಯನ್ನು ಕಾಶಿಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲವೋ ಏನೋ!

ಹೊತ್ತು ಹೋಗಲೆಂದು ನಾನು ಅವಳನ್ನು ಅಸ್ಸಿ ಘಾಟಿಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು. ಅಲ್ಲಿ ಚಹಾದಂಗಡಿಯಲ್ಲಿ ವಿಯೆನ್ನಾದಿಂದ ಬಂದ ಪ್ರೊಫೆಸರರೊಬ್ಬರು ಲ್ಯಾಪ್‌ಟಾಪಿನಲ್ಲಿ ತಾಳೆಗರಿಯ ಫೋಟೋ ನೋಡುತ್ತ ತಲೆ ಕೆರೆದುಕೊಳ್ಳುತ್ತಿದ್ದರು. ಹಳೆಯ ಕನ್ನಡ ಲಿಪಿ. ಅದರಲ್ಲಿ ಯಾವುದೋ ಗಹನ ತತ್ವವಿದೆ ಎಂದು ಆರು ತಿಂಗಳಿಂದ ಬೆನ್ನು ಹತ್ತಿದ್ದರಂತೆ. ಸಣ್ಣವ್ವ ಚಹಾ ಕೆಳಗಿಟ್ಟು, ಕನ್ನಡಕ ಏರಿಸಿ, ಸರಸರ ಓದಿದಳು. "ಅವರಿಗೆ ಹೇಳಪಾ, ಇದು ಎಮ್ಮಿ ಹೊಟ್ಟಿ ಉಬ್ಬಿದ್ರ ಕೊಡೂ ಔಷಧ. ಬಳ್ಳೊಳ್ಳಿ ಹಾಕಿ ಅರೀಬೇಕಂತ." ನಾನು ಇಂಗ್ಲಿಷಿನಲ್ಲಿ ಹೇಳಿದೆ. ಪ್ರೊಫೆಸರರು ಎದ್ದು ನಿಂತು ಕೈ ಮುಗಿದರು!

ಅವರ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಓದುವ ಒಂದು ವರ್ಷದ ಕೋರ್ಸು ಇತ್ತು. ವಯಸ್ಸಿನ ಮಿತಿ ಇಲ್ಲ, ವಿದ್ಯಾರ್ಥಿವೇತನ ಉಂಟು. ಅಲ್ಲೇ ಇತಿಹಾಸದ ಎಂ.ಎ. ಕೂಡ ಇತ್ತು. ನನ್ನ ಮಂಚದ ಮೇಲಿನ ಗೋಡೆಯಲ್ಲಿ ಹತ್ತು ವರ್ಷದಿಂದ ಯುರೋಪಿನ ಭೂಪಟ ನೇತಾಡುತ್ತಿದೆ. ನಾನು ಬಿಡುತ್ತೇನೆಯೇ? ಒಂದೇ ಮೇಜಿನ ಮೇಲೆ ಅವಳ ಅರ್ಜಿಯನ್ನೂ ತುಂಬಿದೆ, ನನ್ನದನ್ನೂ ತುಂಬಿದೆ. ಎರಡಕ್ಕೂ ಒಂದೇ ದಿನ ಉತ್ತರ ಬಂತು. ಅವಳಿಗೆ "ಸಂತೋಷದಿಂದ ತಿಳಿಸುತ್ತೇವೆ", ನನಗೆ "ವಿಷಾದದಿಂದ ತಿಳಿಸುತ್ತೇವೆ". ಎರಡನ್ನೂ ಗಟ್ಟಿಯಾಗಿ ಓದಿ ಹೇಳಿದವನು ನಾನೇ. ಎಂಥ ಯೋಗ ನೋಡಿ!

ನಮ್ಮ ಗಲ್ಲಿಯ ಮಠದ ಶಾಸ್ತ್ರಿಗಳು ಗಾಬರಿಯಾದರು. "ಅಲ್ಲಮ್ಮ, ಕಾಶೀವಾಸ ಬಿಟ್ಟು ಹೋದರೆ ಮೋಕ್ಷದ ಗತಿ ಏನು?"

"ಒಂದ ವರ್ಷ ರಜಾ ಹಾಕೇನ್ರಿ," ಎಂದಳು ಸಣ್ಣವ್ವ. "ಸರ್ಕಾರಿ ನೌಕರಿ ಮಾಡಿದಾಕಿ ನಾನು. ರಜಾ ಅರ್ಜಿ ಹೆಂಗ ಬರೀಬೇಕಂತ ನನಗ ಗೊತ್ತೈತಿ."

ಹೋದವಳು ಸುಮ್ಮನೆ ಓದಿಕೊಂಡಿದ್ದಳೇ? ಎರಡನೇ ವಾರದಿಂದಲೇ ಶುರುವಾಯಿತು ಸಂಚಾರ. ಶನಿವಾರ ಬಂತೆಂದರೆ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಇಳಕಲ್ ಸೀರೆಯ ಮೇಲೆ ಕೋಟು ಹಾಕಿಕೊಂಡು ಹೊರಟಳೆಂದೇ ಲೆಕ್ಕ! ಒಂದು ವಾರ ಬುಡಾಪೆಸ್ಟು, ಮುಂದಿನ ವಾರ ಪ್ರಾಗ್. ಊರುಗಳ ಹೆಸರು ಬಾಯಿಪಾಠ ಮಾಡಿದವನು ನಾನು, ತಿರುಗಿದವಳು ಅವಳು. ಯಾರಿಗೆ ಹೇಳಲಿ?

ಬುಡಾಪೆಸ್ಟಿನ ರೈಲಿನಲ್ಲಿ ಟಿಕೆಟ್ ತಪಾಸಣೆಯವನು ಅವಳ ನರೆಗೂದಲನ್ನೂ ರಿಯಾಯಿತಿ ಟಿಕೆಟನ್ನೂ ಎರಡೆರಡು ಸಲ ನೋಡಿ, "ಮೇಡಂ, ಇದು ವಿದ್ಯಾರ್ಥಿಗಳಿಗೆ," ಎಂದನಂತೆ. ಸಣ್ಣವ್ವ ಕಾರ್ಡು ತೋರಿಸಿ, "ಐ ಆಮ್ ಸ್ಟುಡೆಂಟ್. ಹೋಂವರ್ಕ್ ಆಲ್ಸೋ ನಾಟ್ ಡನ್!" ಎಂದಳಂತೆ. ಅವನು ನಕ್ಕೂ ನಕ್ಕೂ ಕಿಟಕಿ ಪಕ್ಕದ ಸೀಟು ಕೊಡಿಸಿದ. ನನಗೆ ಲಖನೌ ರೈಲಿನಲ್ಲೂ ಸಿಗುವುದು ಕಕ್ಕಸಿನ ಪಕ್ಕದ ಸೀಟು.

ವೆನಿಸ್ಸಿನಿಂದ ವಿಡಿಯೋ ಕಾಲ್ ಮಾಡಿದಳು. ನೀರಿನ ಬೀದಿಗಳ ಆ ಊರನ್ನು ನೋಡಬೇಕೆಂದು ನಾನು ಕನಸಿನಲ್ಲೂ ಬಡಬಡಿಸುತ್ತಿದ್ದೆ. "ಹೆಂಗೈತಿ ಸಣ್ಣವ್ವಾ?" ಎಂದು ಉಸಿರು ಬಿಗಿಹಿಡಿದು ಕೇಳಿದೆ.

"ಏನಿಲ್ಲಪಾ. ಜೋರು ಮಳಿ ಬಂದಾಗ ನಮ್ಮ ಗೋದೌಲಿಯಾ ಚೌಕ ಹೆಂಗಿರ್ತೈತಿ, ಹಂಗ ಐತಿ. ಎಮ್ಮಿ ಒಂದು ಇಲ್ಲ, ಅಷ್ಟ."

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಗೊಣಗಿಕೊಂಡೆ. ಸಣ್ಣವ್ವನಿಗೆ ಮೂವತ್ತೆರಡು ಹಲ್ಲೂ ಗಟ್ಟಿಯಾಗಿವೆ, ಅದು ಇನ್ನೊಂದು ಹೊಟ್ಟೆಯುರಿ!

ಬದನೆಕಾಯಿ ಪ್ರಕರಣವನ್ನೂ ಹೇಳಬೇಕು. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಬಿಡಬೇಕಲ್ಲ, ಅವಳು ಎಣ್ಣೆಗಾಯಿ ಪ್ರಿಯೆ, ಎದೆ ಗಟ್ಟಿ ಮಾಡಿಕೊಂಡು ಬದನೆಕಾಯಿ ಬಿಟ್ಟಿದ್ದಳು. ಅಲ್ಲಿ ಹಾಸ್ಟೆಲಿನ ಗ್ರೀಕ್ ಹುಡುಗಿಯೊಬ್ಬಳು ಬದನೆಕಾಯಿ ಸುಟ್ಟು ಅದೇನೋ ಮಾಡಿ ತಟ್ಟೆಯಲ್ಲಿಟ್ಟಳಂತೆ. ಕೂಡಲೇ ನನಗೆ ಫೋನು. ಕಾಶಿಯಲ್ಲಿ ಬಿಟ್ಟದ್ದು ಯುರೋಪಿಗೂ ಅನ್ವಯಿಸುತ್ತದೆಯೇ, ಶಾಸ್ತ್ರಿಗಳನ್ನು ಕೇಳಿ ಹೇಳು! ನಾನು ಯಾತ್ರಿಕರನ್ನು ಗಲ್ಲಿಯಲ್ಲೇ ನಿಲ್ಲಿಸಿ ಓಡಿದೆ. "ಬಿಟ್ಟದ್ದು ಬಿಟ್ಟದ್ದೇ. ಅದಕ್ಕೆ ಗಡಿಯಿಲ್ಲ," ಎಂದರು ಶಾಸ್ತ್ರಿಗಳು. ತಿಳಿಸಿದೆ. ಆ ಕಡೆ ತಟ್ಟೆ ಸರಿಸಿದ ಸದ್ದಾಯಿತು. ಆಮೇಲೆ, "ನೀ ಭಾಳ ತಡಾ ಮಾಡಿದಿ ತಮ್ಮಾ," ಎಂದಳು, ಬಾಯಿ ಒರೆಸಿಕೊಳ್ಳುತ್ತ.

ನಗುತ್ತಿದ್ದೀರಿ. ನಾನು ನಗಲಿಲ್ಲ. ನಿಜ ಹೇಳುತ್ತೇನೆ, ಆ ಚಳಿಗಾಲದಲ್ಲಿ ನನ್ನ ಹೊಟ್ಟೆಯಲ್ಲಿ ಬೆಂಕಿ ಇತ್ತು. ಅಜ್ಜಿಯರು ನನ್ನ ಫೋನಿಗೆ ಮುಗಿಬಿದ್ದು, "ಈ ವಾರ ಎಲ್ಲಿಗೆ ಹೋಗ್ಯಾಳ ತೋರಸೋ," ಎನ್ನುವಾಗ ಫೋನನ್ನೇ ಗಂಗೆಗೆ ಎಸೆಯೋಣವೆನಿಸುತ್ತಿತ್ತು. ಅರ್ಜಿ ತುಂಬಿದವನು ನಾನು, ನನ್ನ ಪಾಲಿನದನ್ನು ಈ ಮುದುಕಿ ಕಸಿದುಕೊಂಡಳು ಎಂದು ಒಂದು ದಿನ ಅನಿಸಿಯೇಬಿಟ್ಟಿತು. ಅವತ್ತಿನಿಂದ ಶನಿವಾರದ ಫೋನು ಎತ್ತುವುದನ್ನು ಬಿಟ್ಟೆ. ನಾಲ್ಕು ಶನಿವಾರ ಎತ್ತಲಿಲ್ಲ. ಪ್ಯಾರಿಸ್ಸಿಗೆ ಹೋಗಿದ್ದಳೆಂದು, ಪಕ್ಕದ ಮನೆಯ ಫೋನಿನಲ್ಲಿ ಅವಳೊಡನೆ ಮಾತಾಡಿದ ಅಜ್ಜಿಯರಿಂದ ತಿಳಿಯಿತು.

ಐದನೇ ವಾರ ನನಗೊಂದು ಇ-ಮೇಲ್ ಬಂತು. ಜರ್ಮನಿಯ ಯಾವುದೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಕಚೇರಿಯಿಂದ. "ಸೋಮವಾರ ಬಾಗಿಲು ತೆರೆದಾಗ ಕೆಳಗೆ ನಿಮ್ಮ ಇ-ಮೇಲ್ ವಿಳಾಸ ಬರೆದ ಅಂಕಪಟ್ಟಿಯೂ ಒಂದು ಪತ್ರವೂ ಬಿದ್ದಿದ್ದವು. ಪತ್ರದ ಲಿಪಿ ನಮ್ಮಲ್ಲಿ ಯಾರಿಗೂ ತಿಳಿಯದು. ಪ್ರತಿಯನ್ನು ಲಗತ್ತಿಸಿದ್ದೇವೆ. ನಾವು ಅರ್ಜಿಗಳನ್ನು ಆನ್‌ಲೈನಿನಲ್ಲಿ ಮಾತ್ರ ಸ್ವೀಕರಿಸುತ್ತೇವೆ, ಇನ್ನೂ ಸಮಯವಿದೆ."

ಪತ್ರ ತೆರೆದೆ. ಕಪ್ಪು ಹಲಗೆಯ ಮೇಲೆ ಬರೆದಂಥ ದುಂಡನೆಯ ಕನ್ನಡ ಅಕ್ಷರ.

"ಮಾನ್ಯರೇ, ತಮ್ಮನ್ನು ಖುದ್ದಾಗಿ ಕಾಣಲು ಬಂದಿದ್ದೆ. ಬಾಗಿಲು ಹಾಕಿತ್ತು. ಇದರೊಂದಿಗಿರುವ ಅಂಕಪಟ್ಟಿ ನನ್ನ ಅಕ್ಕನ ಮಗನದು. ಇಲ್ಲಿಗೆ ಬರಬೇಕೆಂದು ಹತ್ತು ವರ್ಷದಿಂದ ಆಸೆಪಟ್ಟವನು ಅವನು, ಬಂದು ಕುಳಿತವಳು ನಾನು. ಇದರಿಂದ ನನಗೆ ಅನ್ನ ಸೇರುತ್ತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಒಳ್ಳೆಯ ವಿದ್ಯಾರ್ಥಿ ಯಾರೆಂದು ನನಗೆ ಗೊತ್ತಾಗುತ್ತದೆ. ದಯಮಾಡಿ ಅವನನ್ನು ಒಮ್ಮೆ ಕರೆದು ಮಾತನಾಡಿಸಿ. ತಮ್ಮ ವಿಶ್ವಾಸಿ."

ಅರ್ಜಿ ತುಂಬುವಾಗ ನನ್ನ ದಾಖಲೆಗಳ ಪ್ರತಿಗಳು ಅವಳ ಚೀಲದಲ್ಲೇ ಉಳಿದುಬಿಟ್ಟಿದ್ದವು. ಗಲ್ಲಿಯಲ್ಲಿ ನಿಂತಲ್ಲಿಂದಲೇ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಸಣ್ಣವ್ವಾ, ಎಷ್ಟು ಊರಾಗ ಹಿಂಗ ಚೀಟಿ ಹಾಕಿ ಬಂದಿ?"

"ಹನ್ನೊಂದು."

"ಶನಿವಾರ ಅಲ್ಲಿ ಆಫೀಸಿಗೆ ಸೂಟಿ ಅಂತ ಗೊತ್ತಿರಲಿಲ್ಲೇನು?"

"ಮೊದಲನೇ ವಾರನ ಗೊತ್ತಾತು. ಏನ್ ಮಾಡ್ಲಿ? ಉಳದ ದಿನ ನನಗ ಕ್ಲಾಸು!"

"ಕನ್ನಡದಾಗ ಯಾಕ ಬರದಿ?"

"ಇಂಗ್ಲಿಷಿನ್ಯಾಗ ನಿನ್ನ ಬಗ್ಗೆ ಎರಡ ಸಾಲಿಗಿಂತ ಹೆಚ್ಚು ಬರಿಯಾಕ ಬರಾಂಗಿಲ್ಲ ನನಗ. ಓದಾಕ ಯಾರರೆ ಸಿಗತಾರ ಬಿಡು ಅಂದೆ."

ಮಾತು ಬದಲಿಸಲು, "ಹೋಗ್ಲಿ, ಪ್ಯಾರಿಸ್ ಹೆಂಗಿತ್ತು? ಗೋಪುರ ಹತ್ತಿದಿ?" ಎಂದೆ.

"ಇಲ್ಲಪಾ. ಟೇಷನ್ನಿನಿಂದ ಕಾಲೇಜು, ಕಾಲೇಜಿನಿಂದ ಟೇಷನ್ನು. ಎಲ್ಲಾ ಊರಾಗೂ ಅಷ್ಟ ನೋಡೇನಿ. ಉಳದದ್ದೆಲ್ಲಾ ನೀ ಬಂದಮ್ಯಾಲ ಇಬ್ಬರೂ ಕೂಡಿ ನೋಡೂನಂತ ಇಟ್ಟೀನಿ."

ಸೈಕಲ್ ರಿಕ್ಷಾದವನು ಹಿಂದಿನಿಂದ ಬೆಲ್ ಬಾರಿಸಿ "ಹಟೋ ಭೈಯ್ಯಾ" ಎಂದು ಕೂಗುತ್ತಲೇ ಇದ್ದ. ನಾನು ಸರಿಯಲಿಲ್ಲ.

"ಯಾಕೋ ತಮ್ಮಾ, ಅಳಾಕತ್ತೀ ಏನು?"

"ಇಲ್ಲ ಸಣ್ಣವ್ವಾ," ಎಂದೆ, "ಅರ್ಜಿಗೆ ಕೊನೇ ತಾರೀಖು ಯಾವಾಗ ಅಂತ ನೋಡಾಕತ್ತೀನಿ."